ಹಾಲು ಕರೆಯುವ ಕೈ

ಗಂಗಲಕ್ಷ್ಮಮ್ಮನ ಕೈ ಮತ್ತೆ ಶುರುವಾಯಿತು.

ಮೊದಲ ಪಾಳಿ ಮುಗಿಸಿದ ಕೆಂಪರಾಜ್ ಉರಿಬಿಸಿಲಲ್ಲಿ ಬೈಕನ್ನು ಅಂಗಳಕ್ಕೆ ತಿರುಗಿಸುತ್ತಿದ್ದಂತೆ, ಜಗಲಿಯ ಕುರ್ಚಿಯಲ್ಲಿದ್ದ ಅಮ್ಮನ ಎಡಗೈ ಎದ್ದಿತು. ಐದೂ ಬೆರಳು ಕೂಡಿದವು, ಬಿಚ್ಚಿದವು. ಮತ್ತೆ ಕೂಡಿದವು, ಬಿಚ್ಚಿದವು. ಗಾಡಿ ನಿಲ್ಲಿಸಿ ಅವನು ಓಡಿ ಬರುವಷ್ಟರಲ್ಲಿ ಕೈ ಮಡಿಲಿಗೆ ಬಿದ್ದಿತ್ತು.

"ಏನಮ್ಮಾ? ಏನ್ ಬೇಕು?"

ಅವಳು ಸುಮ್ಮನೆ ನೋಡಿದಳು. ಲಕ್ವ ಹೊಡೆದಾಗ ಮಾತು, ಬಲಗೈ, ಬಲಗಾಲು ಒಟ್ಟಿಗೇ ಹೋಗಿದ್ದವು. ಮೊದಲು ಮಾತಿಗೆ ಬರವಿಲ್ಲದ ಹೆಂಗಸು. ಮನೆ ಇದ್ದದ್ದು ತೂಬಗೆರೆ ರಸ್ತೆಯ ಅಂಚಿಗೇ. ಹೋಗಿಬರುವವರ ಸೈಡ್ ಸ್ಟ್ಯಾಂಡ್ ಎತ್ತಿಸದೆ, ಚಕ್ರದ ಹತ್ತಿರ ಜೋತುಬಿದ್ದ ಸೆರಗನ್ನು ಕೂಗಿ ಎಳೆಸಿಕೊಳ್ಳದೆ ಬಿಟ್ಟವಳಲ್ಲ. ಟ್ರಾಫಿಕ್ ಪೊಲೀಸು ಎಂದು ಮಗನೇ ರೇಗಿಸುತ್ತಿದ್ದ.

ಈಗ ಡಾಕ್ಟರಿಗೆ ಇದ್ದದ್ದು ಒಂದೇ ಅನುಮಾನ. "ನೀವು ಹೇಳೋದು ಅವರಿಗೆ ಅರ್ಥ ಆಗ್ತಿದೆಯಾ ಅನ್ನೋದೇ ಗೊತ್ತಾಗ್ತಿಲ್ಲ. ತಿಳುವಳಿಕೆ ಇದೆ ಅನ್ನೋದಕ್ಕೆ ಒಂದು ಗುರುತು ಕಂಡ್ರೆ ಬಂದು ಹೇಳಿ. ಮಾತು ಕಲಿಸೋಕೆ ಶುರು ಮಾಡೋಣ. ಇಲ್ಲ ಅಂದ್ರೆ ಸುಮ್ಮನೆ ಜೀವ ದಣಿಸಿದ ಹಾಗೆ."

ಆ ಒಂದು ಗುರುತಿಗಾಗಿ ಕೆಂಪರಾಜ್ ಹಂಬಲಿಸುತ್ತಿದ್ದ. ತಪ್ಪು ತನ್ನದೇ ಎಂಬ ಕೊರಗು ಬೇರೆ. ಅವಳು ಬಿದ್ದ ರಾತ್ರಿ ಕಾರು ಗೊತ್ತುಮಾಡಿ ತರಲು ಹೊರಟವನು, ಬೈಕಿನ ಮಿಣುಕು ದೀಪದಲ್ಲಿ ಗುಂಡಿ ಕಾಣದೆ ತೆವಳಿಕೊಂಡು ಹೋಗಿದ್ದ. ಇನ್ನಷ್ಟು ಬೇಗ ಬರಬಾರದಿತ್ತೇ ಎಂದು ಆಸ್ಪತ್ರೆಯಲ್ಲಿ ಯಾರೋ ಅಂದರು. ಅವಳನ್ನು ಮನೆಗೆ ಕಳಿಸುವ ಮುನ್ನವೇ ಅವನು ದೊಡ್ಡಬಳ್ಳಾಪುರದ ಮೆಕ್ಯಾನಿಕ್ ಗೋವಿಂದರಾಜು ಹತ್ತಿರ ಹೋಗಿ ಹಳೇ ಬಲ್ಬು ತೆಗೆಸಿ ಎಲ್‌ಇಡಿ ಹಾಕಿಸಿದ.

"ಸ್ವಿಚ್ಚು ಸತ್ತೋಗಿತ್ತು ಗುರು, ನೇರ ಕೀಗೇ ಕೊಟ್ಟಿದೀನಿ," ಎಂದ ಗೋವಿಂದರಾಜು. "ಎದುರುಗಡೆಯವರ ಕಣ್ಣಿಗೆ ಹೊಡೀಬಾರ್ದು ಅಂತ ಒಂಚೂರು ಬಗ್ಗಿಸಿದೀನಿ. ಯಾರಾದ್ರೂ ಏನಾದ್ರೂ ಅಂದ್ರೆ ತಲೆ ಕೆಡಿಸ್ಕೋಬೇಡ."

"ದಾರಿ ಕಂಡ್ರೆ ಸಾಕು ಕಣೋ," ಎಂದ ಕೆಂಪರಾಜ್. ದಾರಿಯೇನೋ ಚೆನ್ನಾಗಿ ಕಂಡಿತು. ಅವಸರವಾಗಿ ಹೋಗಬೇಕಾದ ಕೆಲಸ ಮಾತ್ರ ಉಳಿದಿರಲಿಲ್ಲ.

ಅಮ್ಮ ಮನೆಗೆ ಬಂದ ಮೇಲೆ ಶುರುವಾದದ್ದು ಈ ಕೈ. ನೀರು ಕೊಟ್ಟರು, ಅಲ್ಲ. ಅನ್ನ ಕಲಸಿ ಕೊಟ್ಟರು, ಅಲ್ಲ. ಎರಡನೇ ಪಾಳಿ ಮುಗಿಸಿ ಅವನು ಕತ್ತಲಲ್ಲಿ ಬಂದ ದಿನ, ಅವಳು ಎಚ್ಚರವಾಗಿದ್ದರೂ ಕೈ ಎತ್ತುತ್ತಿರಲಿಲ್ಲ. ದಣಿದಿರಬೇಕು ಎಂದುಕೊಳ್ಳುತ್ತಿದ್ದ.

ಒಗಟು ಬಿಡಿಸಿದವಳು ಪಕ್ಕದ ಮನೆಯ ಮಾರಕ್ಕ. "ಬೆರಳು ನೋಡ್ಲಾ ಕೆಂಪ. ಹಾಲು ಕರೀತಾವ್ಳೆ. ಹಸ ಎಲ್ಲಿ ಅಂತ ಕೇಳ್ತಾವ್ಳೆ."

ನೋಡಿಕೊಳ್ಳುವವರಿಲ್ಲವೆಂದು ಕೆಂಪರಾಜ್ ಅವಳ ಹಸುವನ್ನು ರಾಜಘಟ್ಟದ ಜವರಪ್ಪನಿಗೆ ಮಾರಿದ್ದ. ಓಡಿಹೋಗಿ ಅವನ ಕೈಕಾಲು ಹಿಡಿದ. ಹಗ್ಗ ಹಿಡಿದು ಹಸುವನ್ನು ನಡೆಸಿಕೊಂಡೇ ಬಂದು ಜಗಲಿಯ ಮುಂದೆ ನಿಲ್ಲಿಸಿದ.

ಹಸು ಅವಳ ಎಡ ಅಂಗೈ ನೆಕ್ಕಿತು. ಬೆರಳು ಮಿಸುಕಲಿಲ್ಲ.

"ನೋಡಮ್ಮಾ, ನಿನ್ ಹಸ! ಒಂದ್ಸಲ ಬೆರಳಾಡ್ಸಮ್ಮಾ!"

ಅವಳು ಬೆರಳಾಡಿಸಲಿಲ್ಲ. ಕೆಂಪರಾಜ್ ಕೊಟ್ಟಿಗೆಯ ಗೋಡೆಗೆ ಮುಖವಿಟ್ಟು ಅತ್ತ.

ಹೆಂಡತಿ ಸಿಂಧು ಆಚೆ ಬಂದು ಮೆಲ್ಲಗೆ ಅಂದಳು, "ಅತ್ತೆಗೆ ಏನೂ ತಿಳೀತಿಲ್ಲ ರೀ. ನೀವಿಲ್ದೇ ಇರುವಾಗ್ಲೂ ಒಂದೊಂದ್ಸಲ ರಸ್ತೆ ನೋಡ್ಕೊಂಡು ಹಂಗೇ ಆಡಿಸ್ತಾ ಇರ್ತಾರೆ. ಸುಮ್ನೆ ಆಸೆ ಇಟ್ಕೋಬೇಡಿ."

ಮರುದಿನ ಅವನು ಡಾಕ್ಟರ ಮುಂದೆ ತಲೆ ತಗ್ಗಿಸಿ ಕುಳಿತು, ಗುರುತು ಯಾವುದೂ ಕಾಣಲಿಲ್ಲ, ಕೈ ತಾನಾಗಿ ಆಡುತ್ತದೆ ಎಂದ. ನರದ ಸೆಳೆತ ಇರಬಹುದು ಎಂದರು. ಗುಳಿಗೆ ಬರೆದುಕೊಟ್ಟರು.

ಗುಳಿಗೆ ಕೆಲಸ ಮಾಡಿತು. ಅಮ್ಮ ಜಗಲಿಯಲ್ಲಿ ಗೊಂಬೆಯಂತೆ ಕೂತಿರುತ್ತಿದ್ದಳು. ಸಿಂಧು ನಿಟ್ಟುಸಿರು ಬಿಟ್ಟಳು. ಕೆಂಪರಾಜನಿಗೆ ಮಾತ್ರ ತಾನೇ ಅಮ್ಮನ ಬಾಯಿಗೆ ಬಟ್ಟೆ ತುರುಕಿದ ಹಾಗೆ ಸಂಕಟವಾಗುತ್ತಿತ್ತು.

ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬರುತ್ತಿದ್ದ. ಎದುರಿಗೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಬಂದಳು. ಅವನನ್ನು ನೋಡಿದವಳೇ ಒಂದು ಕೈ ಎತ್ತಿದಳು. ಐದೂ ಬೆರಳು ಕೂಡಿದವು, ಬಿಚ್ಚಿದವು. ಮತ್ತೆ ಕೂಡಿದವು, ಬಿಚ್ಚಿದವು.

ಕೆಂಪರಾಜ್ ಗಕ್ಕನೆ ಬ್ರೇಕ್ ಹಾಕಿದ. "ಏನಜ್ಜಿ? ನಿಂಗೂ ಹಸ ಬೇಕಾ?"

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹಸ ತಕೊಂಡು ಏನ್ಮಾಡ್ಲಪ್ಪಾ? ಹಾಡಹಗಲಲ್ಲೇ ಗಾಡಿ ಲೈಟು ಉರಿಸ್ಕೊಂಡು ಹೋಯ್ತಾ ಇದೀಯ. ಅದ್ನ ಹೇಳ್ದೆ."

ಅವನು ಮನೆ ಮುಟ್ಟಿ, ಅಂಗಳದಲ್ಲಿ ಗಾಡಿಯನ್ನು ಆರಿಸದೆ ನಿಲ್ಲಿಸಿದ. ಅಮ್ಮನ ಕೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ಕಣ್ಣು ಮಾತ್ರ ಉರಿಯುವ ದೀಪದ ಮೇಲೆ ನೆಟ್ಟಿತ್ತು.

ಕೀ ತಿರುಗಿಸಿದ. ದೀಪ ಆರಿತು. ಅಮ್ಮನ ಕಣ್ಣು ನಿಧಾನವಾಗಿ ಎದ್ದು ಅವನ ಮುಖಕ್ಕೆ ಬಂತು.