ಹದಿನಾಲ್ಕು ದಂಡ

ಸಂಚಾರ ಠಾಣೆಯ ಹವಾಲ್ದಾರ ಉದ್ದನೆಯ ಚೀಟಿಯೊಂದನ್ನು ಅವಳ ಮುಂದೆ ತಳ್ಳಿದ. ಹೆಲ್ಮೆಟ್ ಇಲ್ಲದ್ದು, ಸಿಗ್ನಲ್ ಹಾರಿದ್ದು, ಒಟ್ಟು ಹದಿನಾಲ್ಕು ದಂಡ. ಎಲ್ಲ ಕ್ಯಾಮೆರಾ ಚಿತ್ರಗಳಲ್ಲೂ ಅವಳ ಸ್ಕೂಟರ್ ಮೇಲೆ ಕೂತಿದ್ದವನು ಗಂಡನ ಅಣ್ಣ. ದುಡ್ಡು ಆಮೇಲೆ ಕೊಡುತ್ತೇನೆಂದು ಎರಡು ವರ್ಷದ ಹಿಂದೆ ಒಯ್ದವನು ದುಡ್ಡೂ ಕೊಟ್ಟಿರಲಿಲ್ಲ, ಗಾಡಿಯನ್ನು ತನ್ನ ಹೆಸರಿಗೂ ಮಾಡಿಸಿಕೊಂಡಿರಲಿಲ್ಲ. ಈಗ ಅದರ ಮೇಲೆಯೇ ಠಾಣೆಗೆ ಬಂದಿದ್ದ. ಅವಳು ದೊಡ್ಡ ಚೀಲವೊಂದನ್ನು ಹೊತ್ತು ಬಸ್ಸಿನಲ್ಲಿ ಬಂದಿದ್ದಳು.

"ಭಾವ, ಓಡಿಸಿದ್ದು ನೀವು. ನೀವೇ ಕಟ್ಟಿ."

"ಡಿಗ್ರಿ ಓದಿದೀಯ, ಇಷ್ಟೂ ಗೊತ್ತಾಗಲ್ವೇನಮ್ಮಾ? ಗಾಡಿ ನಿನ್ನ ಹೆಸರಲ್ಲಿದೆ, ದಂಡಾನೂ ನಿಂದೇ. ಸರಿ ತಾನೇ ಸಾರ್?"

"ಆರ್‌ಸಿ ಯಾರದೋ ಗಾಡಿ ಅವರದು. ಕಟ್ಟದಿದ್ರೆ ಗಾಡಿ ಇಲ್ಲೇ ಇರುತ್ತೆ," ಎಂದ ಹವಾಲ್ದಾರ. "ಕಾರ್ಡಲ್ಲಿ ಕಟ್ಟಿದ್ರೆ ಸೇವಾ ಶುಲ್ಕ ಬೇರೆ."

"ಅದೂ ನಂದೇನಾ ಭಾವ?"

"ಮತ್ತೆ? ನಮ್ಮಪ್ಪಂದಾ? ಬೇಗ ಕಟ್ಟು, ನಂಗೆ ಕೆಲಸ ಇದೆ."

ಅವಳು ಶುಲ್ಕವನ್ನೂ ಸೇರಿಸಿ ಪೂರ್ತಿ ಕಟ್ಟಿದಳು. ರಸೀದಿಯಲ್ಲಿ ತನ್ನ ಹೆಸರು ಸರಿಯಾಗಿದೆಯೇ ಎಂದು ಎರಡು ಸಲ ಓದಿ, ಮಡಚಿ ಪರ್ಸಿಗೆ ಹಾಕಿಕೊಂಡಳು. ಅದೇ ಪರ್ಸಿನಿಂದ ಗಾಡಿಯ ಎರಡನೆಯ ಕೀಲಿಕೈ ತೆಗೆದಳು. ಹೊರಗೆ ಹೋಗಿ ಚೀಲದೊಳಗಿದ್ದ ಹೆಲ್ಮೆಟ್ ಹಾಕಿಕೊಂಡಳು.

ಸ್ಕೂಟರ್ ಗೇಟು ದಾಟುವಾಗ ಭಾವ ಕಿರುಚಿದ: "ಸಾರ್, ಹಿಡೀರಿ ಅವಳನ್ನ! ನನ್ನ ಗಾಡಿ!"

ಹವಾಲ್ದಾರ ತಲೆ ಎತ್ತದೆ ಕೇಳಿದ: "ಯಾರ ಹೆಸರಲ್ಲಿದೆ ಅಂದ್ರಿ?"