ನಾಲ್ಕನೆಯ ಭಾಗ

"ಈ ದೀಪ ಯಾಕೆ ಹೀಗೆ ಮತ್ತೆ ಮತ್ತೆ ಕೈಜಾರಿ ಬೀಳುತ್ತೆ?"

ಅಕ್ಕ ಕೇಳಿದ್ದು ಯಾರನ್ನೂ ಅಲ್ಲ. ಟೀವಿಯ ಪರದೆಯಲ್ಲಿ, ಗವಿಯ ಬಾಯಿಗೆ ಬಂದು ನಿಂತ ಹುಡುಗಿಯ ಲಾಟೀನು ಕೆಳಗೆ ಬಿದ್ದು ಉರುಳುತ್ತಿತ್ತು. ನೆಲದ ಮೇಲೆ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದ ತಂಗಿಯ ಕೈ ಹಾಗೇ ನಿಂತಿತು.

ಲಾಟೀನು ಹಿಡಿದು ಗವಿಗಳಲ್ಲಿ ದಾರಿ ಹುಡುಕುವ ಹುಡುಗಿಯ ಈ ವೀಡಿಯೊ ಆಟದ ಮೊದಲ ಮೂರು ಭಾಗಗಳನ್ನು ಅಕ್ಕತಂಗಿಯರು ಒಂದೇ ಚಾಪೆಯ ಮೇಲೆ ಕೂತು ಆಡಿ ಬೆಳೆದಿದ್ದರು. ಮೆಟ್ಟಿಲಿನಿಂದ ಬಿದ್ದು ಅಕ್ಕನ ತಲೆಗೆ ಪೆಟ್ಟಾಗಿ ಏಳು ತಿಂಗಳಾಯಿತು. ಆಸ್ಪತ್ರೆಯಿಂದ ಬಂದ ಮೊದಲ ವಾರ ಅವಳು ತಂಗಿಯನ್ನು 'ನೀವು' ಎಂದಿದ್ದಳು. ಈಗ 'ಕಣೇ' ಎನ್ನುತ್ತಾಳೆ, ಯಾರೋ ಹೇಳಿಕೊಟ್ಟ ಪಾಠ ಒಪ್ಪಿಸುವ ಹಾಗೆ. ಬೆರಳುಗಳಿಗೆ ಕೆಲಸ ಕೊಡಿ ಎಂದು ವೈದ್ಯರು ಹೇಳಿದ್ದೇ ನೆಪವಾಗಿ ತಂಗಿ ಈ ಹೊಸ ಭಾಗ ತಂದಿದ್ದಳು. ಹಳೆಯದನ್ನು ಬಲ್ಲವರು ಯಾರೂ ಇದನ್ನು ಮೆಚ್ಚಿರಲಿಲ್ಲ. ಅಕ್ಕನಿಗೂ ಆ ಹಳೆಯದು ನೆನಪಿದ್ದು ಇದು ಹಿಡಿಸದಿರಲಿ ಎಂದು ತಂಗಿ ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

"ಚೆನ್ನಾಗಿದೆ ಕಣೇ ಆಟ," ಎಂದಳು ಅಕ್ಕ.

"ಏನು ಮಣ್ಣು ಚೆನ್ನಾಗಿದೆ? ಬರೀ ಥಳಕು. ಬಾವಿಕಟ್ಟೆ ಅಜ್ಜನೇ ಇಲ್ಲ ಇದ್ರಲ್ಲಿ."

"ಯಾವ ಅಜ್ಜ?"

"ಮೂರು ಭಾಗದಲ್ಲೂ ಇದ್ದ, ಅಕ್ಕ. ತಪ್ಪು ದಾರಿ ಹಿಡಿದ್ರೆ ಕೆಮ್ಮೋನು. ನೀನೂ ಹಾಗೇ ಕೆಮ್ಮಿ ನನ್ನನ್ನ ಶಾಲೆಗೆ ಎಬ್ಬಿಸ್ತಿದ್ದೆ."

"ಪಾಪ, ಕೆಮ್ಮಿ ಕೆಮ್ಮಿ ಹೋಗ್ಬಿಟ್ನೇನೋ!" ಅಕ್ಕ ತನ್ನ ಮಾತಿಗೆ ತಾನೇ ನಕ್ಕಳು. ಒಳ್ಳೆಯ ತಮಾಷೆಯೇ. ಆದರೆ ಮೊದಲಿನ ಅಕ್ಕ ಹೀಗೆಲ್ಲ ತಮಾಷೆ ಮಾಡುವವಳಲ್ಲ. ತಂಗಿಗೆ ನಗು ಬರಲಿಲ್ಲ.

ಪರದೆಯಲ್ಲಿ ಲಾಟೀನು ಮತ್ತೆ ಬಿತ್ತು. ತಂಗಿ ಅಕ್ಕನ ಕೈಯನ್ನೇ ದಿಟ್ಟಿಸಿದಳು. ಗವಿ ಕತ್ತಲಾದಾಗಲೆಲ್ಲ ಬಲಗೈ ಹೆಬ್ಬೆರಳು ತಾನಾಗಿಯೇ ಸರಿದು ಕಂಟ್ರೋಲರಿನ ಮೇಲಿನ ಗುಂಡಿ ಒತ್ತುತ್ತಿತ್ತು. ಹಳೆಯ ಮೂರು ಭಾಗಗಳಲ್ಲಿ ಬತ್ತಿ ಏರಿಸುವ ಗುಂಡಿ ಅದು. ಈ ಭಾಗದಲ್ಲಿ ಅದನ್ನು ಒತ್ತಿದರೆ ಹುಡುಗಿ ಲಾಟೀನನ್ನು ಕೈಬಿಡುತ್ತಾಳೆ. ಹೊಸಬರು ಯಾರೂ ಎಡವದ ಜಾಗ. ಹಳಬರು ಮಾತ್ರ ಎಡವುತ್ತಾರೆ.

"ಅಕ್ಕಾ, ನಿನ್ನ ಹೆಬ್ಬೆರಳಿಗೆ ನೆನಪಿದೆ! ನೋಡು, ನೋಡು, ಅದಕ್ಕೆ ನೆನಪಿದೆ!"

ಮಡಿಸಿದ ಬಟ್ಟೆಯನ್ನೆಲ್ಲ ತುಳಿದುಕೊಂಡೇ ಓಡಿ, ಕಪಾಟಿನ ಮೇಲಿಂದ ಹಳೆಯ ಪೆಟ್ಟಿಗೆ ಇಳಿಸಿದಳು. ಸೆರಗಿನಿಂದ ಧೂಳು ಒರೆಸಿ, ಮೊದಲ ಭಾಗದ ಡಿಸ್ಕನ್ನು ಅಕ್ಕನ ಮಡಿಲಲ್ಲಿಟ್ಟಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣಿಗೆ ಗಾಜು ಹಿಡಿದು 'ಮೊದಲಿನದು ಸ್ಪಷ್ಟವೋ, ಇದೋ' ಎಂದು ಕೇಳುವವಳು ತಂಗಿ. ಉತ್ತರ ಬರುವವರೆಗೂ ಎದುರಿನ ಮುಖದಿಂದ ದೃಷ್ಟಿ ಕದಲಿಸುತ್ತಿರಲಿಲ್ಲ. ಈಗಲೂ ಹಾಗೆಯೇ ನೋಡಿದಳು.

"ಒಂದೇ ಒಂದು ಸಲ ಅಕ್ಕ. ಒಂದು ಗವಿ ಸಾಕು. ಆಮೇಲೆ ಯಾವತ್ತೂ ಕೇಳಲ್ಲ."

ಅಕ್ಕ ಡಿಸ್ಕಿನ ಡಬ್ಬಿಯನ್ನು ತಿರುವಿ ನೋಡಿದಳು. ಹಿಂಬದಿಯಲ್ಲಿ ಎರಡು ಪುಟ್ಟ ಕೈಗಳ ಗೀಟುಗಳು, ಯಾರು ಎಷ್ಟು ಸಲ ಗೆದ್ದರು ಎಂಬ ಲೆಕ್ಕ. ಒಂದರ ಮೇಲೆ ಬೆರಳಾಡಿಸಿದಳು. ಬಟ್ಟೆಯಂಗಡಿಯಲ್ಲಿ ಸೀರೆಯ ಅಂಚು ಮುಟ್ಟಿ ನೋಡುವ ಹಾಗೆ, ಅಷ್ಟೇ. ಆಮೇಲೆ ಬಲಗೈಯನ್ನು ಎಡಗೈಯ ಕೆಳಗೆ ಮೆಲ್ಲಗೆ ಮುಚ್ಚಿಟ್ಟುಕೊಂಡಳು.

"ಆಡಿದ ಮೇಲೂ ಏನೂ ನೆನಪಾಗದಿದ್ರೆ?"

ತಂಗಿ ಅಕ್ಕನ ಮುಖವನ್ನೇ ನೋಡುತ್ತಾ ಇನ್ನಷ್ಟು ಹತ್ತಿರ ಸರಿದಳು.

ಅಕ್ಕ ಡಬ್ಬಿಯನ್ನು ತಂಗಿಯತ್ತಲೇ ಚಾಚಿದಳು.

"ಬೇಡ. ನಾನು ಆಡ್ತಾ ಇದ್ರೆ ನೀನು ಆಟ ನೋಡಲ್ಲ. ನನ್ನ ಮುಖ ನೋಡ್ತಾ ಕೂತಿರ್ತೀಯ. ನಾನು ಇದನ್ನ ಆಡಲ್ಲ."