ಉರ್ದುವಿನ ಏಳು, ಎಂಟು

ಮೆಕ್ಯಾನಿಕನಾಗಿದ್ದ ಅಪ್ಪ ತೀರಿಕೊಂಡ ಮೇಲೆ ಇಂದು ಮೊದಲ ಸಲ ಅವನ ಪಾನಾ, ಸ್ಕ್ರೂಡ್ರೈವರುಗಳ ಪೆಟ್ಟಿಗೆ ತೆರೆದೆ. ಡೀಸೆಲ್ ವಾಸನೆಗೆ ಶಹಾಬಾದಿನ ಒಂದು ಮಧ್ಯಾಹ್ನ ನೆನಪಾಯಿತು.

ಭಂಕೂರಿನ ಫರ್ಸಿ ಕಲ್ಲಿನ ಗಣಿಯ ಸಾಹುಕಾರ ತನ್ನ ಕಾರಿನ ಎಂಜಿನ್ ಬಿಚ್ಚಿ ಕೂಡಿಸಲು ಕೊಟ್ಟಿದ್ದ. ಕೆಲಸ ಮೆಚ್ಚಿದರೆ ಅಪ್ಪನ ತಮ್ಮ, ನನ್ನ ಕಾಕಾನಿಗೆ ಗಣಿಯಲ್ಲಿ ನೌಕರಿ. ಅಪ್ಪ ವಾಲ್ವುಗಳ ಎಂಟು ತೆಳು ಬಿಲ್ಲೆಗಳನ್ನು, ಒಂದೊಂದು ವಾಲ್ವಿಗೆ ಒಂದೊಂದು ದಪ್ಪದವು, ನೆಲದ ಫರ್ಸಿಯ ಮೇಲಿಟ್ಟು, ಪಕ್ಕದಲ್ಲಿ ತನಗೆ ಕೆಲಸ ಕಲಿಸಿದ ಉಸ್ತಾದನಿಂದ ಕಲಿತ ಉರ್ದು ಅಂಕಿಗಳನ್ನು ಸೀಮೆಸುಣ್ಣದಲ್ಲಿ ಬರೆದಿದ್ದ. ಕಾಕಾ ಅಪ್ಪನ ಎದುರಿಗೆ ಕುಳಿತು, ಅಂಕಿ ನೋಡಿ ಅವನ್ನು ಕೂಡಿಸಿದ. ಚಾಲು ಮಾಡಿದರೆ ಎಂಜಿನ್ ಟಕಟಕ ಬಡಿಯಿತು.

“ಬಿಲ್ಲೆನೇ ಖರಾಬ್ ಅದಾವ, ಅಣ್ಣಾ,” ಎಂದ ಕಾಕಾ.

“ಬಿಲ್ಲೆ ಅಲ್ಲ, ನಿನ್ನ ತಲಿ. ಈ ಕಡೆ ಬಂದು ಓದು,” ಎಂದ ಅಪ್ಪ.

ಉರ್ದುವಿನ ಏಳನ್ನು ತಲೆಕೆಳಗಾಗಿ ನೋಡಿದರೆ ಎಂಟು. ಎರಡು ಬಿಲ್ಲೆಗಳು ಅದಲುಬದಲಾಗಿದ್ದವು. ಅಪ್ಪ ಮತ್ತೆ ಬಿಚ್ಚಿ ಸರಿಮಾಡಿದ. ಕಾಕಾ ಬೀಡಿ ಸೇದುತ್ತ ನಿಂತಿದ್ದ.

ಸಾಹುಕಾರ ಬಂದು ಎಂಜಿನ್ನಿಗೆ ಕಿವಿಗೊಟ್ಟ. “ಭಾರಿ ಅದ ಬಿಡು! ಯಾರು ಕೂಡಿಸಿದ್ದು?”

“ನಾನೇರಿ,” ಎಂದು ಕಾಕಾ ಹಲ್ಲು ಕಿಸಿದ. “ನಮ್ಮಣ್ಣ ಗಡಬಡ ಮಾಡಿದ್ದ, ನಾನೇ ದುರಸ್ತ ಮಾಡೀನಿ.”

ನಾನು ಅಪ್ಪನ ಮುಖ ನೋಡಿದೆ.

“ಹೌದ್ರಿ ಧಣಿ. ಭಾಳ ಹುಷಾರ್ ಅದಾನ, ಕರ್ಕೊಂಡು ಹೋಗ್ರಿ,” ಎಂದ ಅಪ್ಪ.

ಕಾಕಾ ನಾಚಿಕೆಯಿಲ್ಲದವನೆಂದು ಎಂಟು ವರ್ಷದ ನನಗೂ ಗೊತ್ತಿತ್ತು. ಆದರೆ ಆ ದಿನ ನನಗೆ ಹೇಸಿಕೆಯಾದದ್ದು ಬೆನ್ನು ಬಗ್ಗಿಸಿ ನಿಂತ ಅಪ್ಪನನ್ನು ಕಂಡು. ಮನೆಗೆ ಹೊರಟಾಗ ಅವನು ಕೈ ಚಾಚಿದ.

“ಹೊಲಸ್ ಅದ,” ಎಂದು ನಾನು ನನ್ನ ಕೈಯನ್ನು ಬೆನ್ನ ಹಿಂದೆ ಅಡಗಿಸಿದೆ.

ಅಪ್ಪ ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಚಾಚಿದ. ನಾನು ಅವನಿಗಿಂತ ಮುಂದೆ ಮುಂದೆ ನಡೆದೆ.